ಕೀಲುವಾತದ ಮದ್ದು, ಮಲಗಿದ್ದ ಕ್ಷಯ

ಕೀಲುವಾತದಲ್ಲಿ ಕೀಲು ಕೆಡಿಸುವುದು ನಮ್ಮದೇ ದೇಹದ ರಕ್ಷಣಾ ಕೋಶಗಳು. ಅವು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಸ್ರವಿಸುವ ಪ್ರೋಟೀನುಗಳೇ ಸೈಟೊಕೈನ್‌ಗಳು. ಅವುಗಳಲ್ಲಿ ಟಿಎನ್‌ಎಫ್ ಎಂಬುದು, 1975ರಲ್ಲಿ ಇಲಿಗಳ ಗೆಡ್ಡೆ ಸಾಯಿಸುವ ವಸ್ತುವಾಗಿ ಬೆಳಕಿಗೆ ಬಂದದ್ದು, ಮಿತಿ ಮೀರಿದರೆ ಕೀಲಿನ ಒಳಪೊರೆ ಊದಿ ಎಲುಬೂ ಸವೆಯುತ್ತದೆ. ಲಂಡನ್ನಿನಲ್ಲಿ ರವೀಂದರ್ ಮೈನಿ ಮತ್ತು ಮಾರ್ಕ್ ಫೆಲ್ಡ್‌ಮನ್ 1992ರಲ್ಲಿ ಇದನ್ನು ಕಟ್ಟಿಹಾಕುವ ಪ್ರತಿಕಾಯವನ್ನು ರೋಗಿಗಳಿಗೆ ಕೊಟ್ಟಾಗ ಊತವೂ ನೋವೂ ಇಳಿದವು. ಹಾಗೆಂದು ಟಿಎನ್‌ಎಫ್‌ಗೆ ಖಳನ ಪಟ್ಟ ಕಟ್ಟುವುದು ಅವಸರ. ಕ್ಷಯದ ಸೋಂಕು ಸಾಮಾನ್ಯವಾಗಿರುವ ನಮ್ಮ ಆಂಧ್ರದ ಕೌತಾಳಂ, ಆದೋನಿಯ ಕಡೆ ಹಾಗೆ ಮಾಡುವುದು ಅಪಾಯವೂ ಹೌದು.

ಕ್ಷಯದ ರೋಗಾಣು ಹೊಕ್ಕವರೆಲ್ಲ ಕಾಯಿಲೆ ಬೀಳುವುದಿಲ್ಲ. ರಕ್ಷಣಾ ಕೋಶಗಳು ಅದರ ಸುತ್ತ ಗಂಟು ಕಟ್ಟಿ, ಜಾಲಿಮುಳ್ಳಿನ ಬೇಲಿ ಹಾಕಿದಂತೆ, ವರ್ಷಗಟ್ಟಲೆ ಒಳಗೇ ಕೂಡಿಡುತ್ತವೆ. ಆ ಬೇಲಿ ಸಡಿಲಾಗದಂತೆ ಕಾಯುವುದೂ ಇದೇ ಟಿಎನ್‌ಎಫ್. ಭಾರತದ 2019–21ರ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲಿ 15 ವರ್ಷ ದಾಟಿದವರ ಪೈಕಿ ಶೇಕಡಾ 31ರಷ್ಟು ಜನರಲ್ಲಿ ಕ್ಷಯದ ಸೋಂಕು ಕಂಡಿತು. ಇನ್‌ಫ್ಲಿಕ್ಸಿಮ್ಯಾಬ್ ಎಂಬ ಟಿಎನ್‌ಎಫ್ ತಡೆಮದ್ದು ಪಡೆದ 70 ಜನರಿಗೆ ಕ್ಷಯ ಬಂದುದು 2001ರಲ್ಲಿ ವರದಿಯಾಯಿತು. ಅವರಲ್ಲಿ 64 ಮಂದಿ ಕ್ಷಯ ವಿರಳವಾದ ದೇಶಗಳವರು. ಅಲ್ಲೇ ಹೀಗಾದರೆ ನಮ್ಮಲ್ಲಿ?

ಹಾಗಾದರೆ ಈ ಮದ್ದೇ ಬೇಡವೇ? ಬೆರಳು ಸೊಟ್ಟಗಾಗಿ ಹತ್ತಿ ಬಿಡಿಸಲಾರದ ಹೆಂಗಸಿಗೆ ಹಾಗೆನ್ನುವುದು ನ್ಯಾಯವಲ್ಲ. ಮದ್ದು ಕೊಡುವ ಮೊದಲು ಮಲಗಿರುವ ಸೋಂಕನ್ನು ಹುಡುಕಬೇಕು, ಅಷ್ಟೇ. ಅದಕ್ಕೆ ಎಕ್ಸ್‌ರೇ ಸಾಕಲ್ಲ ಎಂಬ ವಾದವೂ ಇದೆ. ಆದರೆ ಮಲಗಿರುವ ಸೋಂಕು ಎಕ್ಸ್‌ರೇಯಲ್ಲಿ ಅನೇಕ ಸಲ ಕಾಣುವುದೇ ಇಲ್ಲ. ಚರ್ಮದ ಪರೀಕ್ಷೆ ಬಾಲ್ಯದ ಬಿಸಿಜಿ ಲಸಿಕೆಯಿಂದ ದಾರಿ ತಪ್ಪಬಹುದು ಎನ್ನುವ ಆಕ್ಷೇಪ ಮಾತ್ರ ಸರಿ. ಅದಕ್ಕೇ ಇಂಟರ್‌ಫೆರಾನ್ ಗಾಮಾ ಎಂಬ ಇನ್ನೊಂದು ಸೈಟೊಕೈನನ್ನು ಅಳೆಯುವ ರಕ್ತಪರೀಕ್ಷೆ ಬಂದಿದೆ. ಸೋಂಕು ಗೊತ್ತಾದರೆ ಮೊದಲು ಐಸೊನಿಯಾಜಿಡ್‌ನಂಥ ಮಾತ್ರೆ, ಆಮೇಲೆ ತಡೆಮದ್ದು. ಇಂಥ ರೋಗಿಗಳಿಗೆ ಮುಂಜಾಗ್ರತೆಯ ಚಿಕಿತ್ಸೆ ಕೊಡಬೇಕೆಂದು ಭಾರತದ 2021ರ ಮಾರ್ಗಸೂಚಿಯೇ ಹೇಳುತ್ತದೆ. ತಡೆಮದ್ದುಗಳೆಲ್ಲ ಒಂದೇ ಅಲ್ಲ, ಎಟನರ್ಸೆಪ್ಟ್‌ನಲ್ಲಿ ಈ ಅಪಾಯ ಕಡಿಮೆ. ಅಹಮದಾಬಾದಿನ ಜೈಡಸ್ ಕಂಪನಿ 2014ರಲ್ಲಿ ಅಡಾಲಿಮ್ಯಾಬ್ ಎಂಬ ಇನ್ನೊಂದು ತಡೆಮದ್ದಿನ ಅಗ್ಗದ ರೂಪ ತಂದಿತು. ಬೆಲೆ ಇಳಿದಷ್ಟೂ ಇವು ಸಣ್ಣ ಊರುಗಳಿಗೂ ಬರುತ್ತವೆ.

ಇನ್ನೂ ಒಂದು ತೊಡಕಿದೆ. 2001ರ ಆ 70 ಜನರಲ್ಲಿ 40 ಮಂದಿಗೆ ಕ್ಷಯ ಶ್ವಾಸಕೋಶದಾಚೆ ಕಾಣಿಸಿತ್ತು. ಕೆಮ್ಮಿಲ್ಲ ಎಂದು ನಿಶ್ಚಿಂತರಾಗುವಂತಿಲ್ಲ. ಬಿಡದ ಜ್ವರ, ತೂಕ ಇಳಿಯುವುದು, ಕತ್ತಿನ ಗಂಟು ಕೂಡ ಸುಳಿವೇ. ತಡೆಮದ್ದಿನ ಇಂಜೆಕ್ಷನ್ ಬಳ್ಳಾರಿಯಲ್ಲೋ ಕರ್ನೂಲಿನಲ್ಲೋ, ಜ್ವರಕ್ಕೆ ಮಾತ್ರೆ ಊರಿನಲ್ಲೇ. ಊರಿನ ಡಾಕ್ಟರರಿಗೆ ಆ ಇಂಜೆಕ್ಷನ್ನಿನ ಚೀಟಿ ತೋರಿಸದಿದ್ದರೆ ಅವರು ಕ್ಷಯವನ್ನು ಹುಡುಕುವುದಾದರೂ ಯಾಕೆ?