ಜರ್ಮನಿಯಲ್ಲಿ ವಿದೇಶಿ ವಿದ್ಯಾರ್ಥಿಗಳ ಸಂಗೀತ ಪದವಿ ಶಿಕ್ಷಣ

ಜರ್ಮನಿಯಲ್ಲಿ ಸಂಗೀತದ ಸ್ನಾತಕ ಪದವಿಯನ್ನು (ಬ್ಯಾಚಲರ್ ಆಫ್ ಮ್ಯೂಸಿಕ್) ಮುಖ್ಯವಾಗಿ 'ಮುಜಿಕ್‌ಹೋಖ್‌ಶೂಲೆ' ಎಂಬ ಹೆಸರಿನ 24 ಸರ್ಕಾರಿ ಉನ್ನತ ಸಂಗೀತ ವಿದ್ಯಾಲಯಗಳು ನೀಡುತ್ತವೆ. ಇವುಗಳಲ್ಲಿ ಲೈಪ್‌ಜಿಗ್‌ನ ವಿದ್ಯಾಲಯವನ್ನು ಸಂಯೋಜಕ ಫೆಲಿಕ್ಸ್ ಮೆಂಡೆಲ್ಸನ್ 1843ರಲ್ಲಿ ಸ್ಥಾಪಿಸಿದರು. ಪದವಿಯ ಅವಧಿ ಸಾಮಾನ್ಯವಾಗಿ 8 ಸೆಮಿಸ್ಟರ್‌ಗಳು.

ಪ್ರವೇಶ

ಆಯ್ಕೆಯು ಶಾಲಾ ಅಂಕಗಳಿಗಿಂತ ಹೆಚ್ಚಾಗಿ ಪ್ರವೇಶ ಪರೀಕ್ಷೆಯನ್ನು ಅವಲಂಬಿಸಿದೆ. ಅಭ್ಯರ್ಥಿಯು ಪರೀಕ್ಷಕ ಮಂಡಳಿಯ ಮುಂದೆ ವಿವಿಧ ಕಾಲಘಟ್ಟಗಳ ಕೃತಿಗಳನ್ನು ನುಡಿಸಬೇಕು ಅಥವಾ ಹಾಡಬೇಕು. ಸಂಗೀತ ಸಿದ್ಧಾಂತ ಮತ್ತು ಕೇಳಿದ ಸ್ವರಗಳನ್ನು ಗುರುತಿಸಿ ಬರೆಯುವ ಪರೀಕ್ಷೆಗಳೂ ಇರುತ್ತವೆ. ಇವು ಪಾಶ್ಚಾತ್ಯ ಸ್ವರಲಿಪಿಯನ್ನು ಆಧರಿಸಿರುವುದರಿಂದ, ಕರ್ನಾಟಕ ಅಥವಾ ಹಿಂದುಸ್ತಾನಿ ಸಂಗೀತವನ್ನಷ್ಟೇ ಕಲಿತವರಿಗೆ ಪ್ರತ್ಯೇಕ ಸಿದ್ಧತೆ ಅಗತ್ಯ. ಮುಖ್ಯ ವಾದ್ಯದ ಪಾಠವನ್ನು ಪ್ರತಿ ವಿದ್ಯಾರ್ಥಿಗೆ ಪ್ರತ್ಯೇಕವಾಗಿ ಹೇಳಿಕೊಡುವ ಕಾರಣ ಒಬ್ಬ ಪ್ರಾಧ್ಯಾಪಕರ ಬಳಿ ಸ್ಥಾನಗಳು ಕೆಲವೇ ಇರುತ್ತವೆ. ಹೀಗಾಗಿ ಪರೀಕ್ಷೆಯಲ್ಲಿ ಉತ್ತೀರ್ಣರಾದವರಿಗೂ ಸ್ಥಾನ ದೊರೆಯದಿರಬಹುದು. ಜರ್ಮನ್ ಭಾಷಾ ಪ್ರಮಾಣಪತ್ರವನ್ನೂ ಸಾಮಾನ್ಯವಾಗಿ ಕೇಳಲಾಗುತ್ತದೆ.

ವೆಚ್ಚ

ಬಹುತೇಕ ರಾಜ್ಯಗಳ ಸರ್ಕಾರಿ ಸಂಸ್ಥೆಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯವು 2017ರ ಚಳಿಗಾಲದ ಸೆಮಿಸ್ಟರ್‌ನಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಪ್ರತಿ ಸೆಮಿಸ್ಟರ್‌ಗೆ 1,500 ಯೂರೊ ಶುಲ್ಕ ವಿಧಿಸಿದೆ. ಭಾರತೀಯ ವಿದ್ಯಾರ್ಥಿಗಳು ವೀಸಾಕ್ಕಾಗಿ ಒಂದು ವರ್ಷದ ಜೀವನವೆಚ್ಚಕ್ಕೆ ಹಣವಿರುವುದನ್ನು ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತವನ್ನು 11,904 ಯೂರೊಗೆ ಏರಿಸಲಾಯಿತು.