ಸೀಟಿಯ ನಂತರವೂ ಮುಗಿಯದ ಆಟ

ಕಬಡ್ಡಿ ಪಂದ್ಯಕ್ಕೆ 40 ನಿಮಿಷ ಸಾಕು. ಆ ಪಂದ್ಯದ ಮೇಲಿನ ಚರ್ಚೆಗೆ ಮಾತ್ರ ಯಾವ ಗಡಿಯಾರವೂ ಇಲ್ಲ. ಕೋಟೆಗೂ ಉಚ್ಚಂಗೆಮ್ಮನ ಗುಡಿಗೂ ಹೆಸರಾದ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗವಿರಲಿ, ಕೊಟ್ಟೂರು, ಕೂಡ್ಲಿಗಿ, ಹಡಗಲಿ ಕಡೆಯ ಹಳ್ಳಿಗಳಿರಲಿ, ಪ್ರೊ ಕಬಡ್ಡಿ ಲೀಗ್ ಆರಂಭವಾಯಿತೆಂದರೆ ಚಹಾದಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ಹೈಸ್ಕೂಲಿನ ಮೈದಾನದಲ್ಲಿ ಕೇಳಿಬರುವ ಮಾತು ಒಂದೇ ಬಗೆಯದು. ‘ಈ ಸಲ ಬುಲ್ಸ್ ಮ್ಯಾಲೆ ಬರ್ತತೇನ್ಲೇ?’ ಎಂದು ಒಬ್ಬ ಕೇಳಿದರೆ, ‘ಅಂಪೈರ್ ಬರಾಕ ಬಿಟ್ರ ಬರ್ತತಿ’ ಎಂದು ಇನ್ನೊಬ್ಬನ ಉತ್ತರ. ಅಲ್ಲಿಂದ ಮುಂದೆ ವಾದ, ಲೆಕ್ಕಾಚಾರ, ಕೂಗಾಟ.

ಇದು ನಮ್ಮಲ್ಲಿ ಮಾತ್ರ ಇರುವ ಚಾಳಿಯಲ್ಲ. ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ರಗ್ಬಿ ಲೀಗ್ ನೋಡುವವರೂ ಹೀಗೆಯೇ ಜಗಳವಾಡುತ್ತಾರೆ. ಎದುರಾಳಿಯನ್ನು ಹಿಡಿದು ಕೆಡವುವ ಆಟಗಳಲ್ಲೆಲ್ಲ ಕ್ಷಣಮಾತ್ರದಲ್ಲಿ ಹಲವು ಕೈಕಾಲುಗಳು ಸಿಕ್ಕಿಕೊಳ್ಳುತ್ತವೆ. ಯಾರು ಯಾರನ್ನು ಮುಟ್ಟಿದರು, ಯಾರ ಕಾಲು ಗೆರೆ ದಾಟಿತು ಎಂದು ಹೇಳಬೇಕಾದವನು ಒಬ್ಬ ಮನುಷ್ಯ. ಅಭಿಮಾನಿಗಳ ಈ ವಾದದಲ್ಲಿ ಎರಡು ಪ್ರಶ್ನೆಗಳಿವೆ. ಅಂಕಪಟ್ಟಿ ನ್ಯಾಯವಾಗಿದೆಯೇ ಎಂಬುದು ಒಂದು. ತೀರ್ಪು ನ್ಯಾಯವಾಗಿದೆಯೇ ಎಂಬುದು ಇನ್ನೊಂದು. ಎರಡನ್ನೂ ತುಸು ಶಾಂತವಾಗಿ ನೋಡಿದರೆ ವಿದ್ಯಾರ್ಥಿಗಳಿಗೆ ಕಲಿಯುವಂಥದ್ದು ಬಹಳವಿದೆ.

ಗೆಲುವು ಕಡಿಮೆ, ಅಂಕ ಹೆಚ್ಚು!

2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗ್‌ನಲ್ಲಿ ಹಲವು ವರ್ಷ ಒಂದು ವಿಶಿಷ್ಟ ಪದ್ಧತಿ ಇತ್ತು. ಗೆದ್ದ ತಂಡಕ್ಕೆ 5 ಅಂಕ, ಪಂದ್ಯ ಸಮವಾದರೆ ತಲಾ 3 ಅಂಕ. ಸೋತ ತಂಡಕ್ಕೂ ಒಂದು ಸಮಾಧಾನವಿತ್ತು. 7 ಅಥವಾ ಅದಕ್ಕಿಂತ ಕಡಿಮೆ ಅಂತರದಿಂದ ಸೋತರೆ 1 ಅಂಕ ಸಿಗುತ್ತಿತ್ತು. ಅಂತರ ಅದಕ್ಕಿಂತ ಹೆಚ್ಚಾದರೆ ಸೊನ್ನೆ.

ಇದರ ಪರಿಣಾಮವೇನು? ಒಂದು ಲೆಕ್ಕ ಮಾಡಿ ನೋಡೋಣ. 12 ತಂಡಗಳಿದ್ದು, ಪ್ರತಿ ತಂಡ ಉಳಿದ 11 ತಂಡಗಳ ಜೊತೆ ಎರಡೆರಡು ಬಾರಿ ಆಡಿದರೆ ಒಂದು ತಂಡಕ್ಕೆ 22 ಪಂದ್ಯ. ‘ಅ’ ತಂಡ 10 ಪಂದ್ಯ ಗೆದ್ದು, 12 ಪಂದ್ಯಗಳನ್ನು ಅಲ್ಪ ಅಂತರದಲ್ಲಿ ಸೋತಿತು ಎಂದುಕೊಳ್ಳಿ. ಅದರ ಅಂಕ 50 ಕೂಡಿಸು 12, ಅಂದರೆ 62. ‘ಆ’ ತಂಡ 12 ಪಂದ್ಯ ಗೆದ್ದು, 10 ಪಂದ್ಯಗಳನ್ನು ಭಾರೀ ಅಂತರದಲ್ಲಿ ಸೋತಿತು. ಅದರ ಅಂಕ 60. ಎರಡು ಪಂದ್ಯ ಹೆಚ್ಚು ಗೆದ್ದ ತಂಡವೇ ಪಟ್ಟಿಯಲ್ಲಿ ಕೆಳಗೆ!

ಆದ್ದರಿಂದಲೇ ಸೋಲು ಖಚಿತವಾದ ತಂಡವೂ ಕೊನೆಯ ನಿಮಿಷಗಳಲ್ಲಿ 7ರೊಳಗೆ ಉಳಿಯಲು ಒದ್ದಾಡುತ್ತಿತ್ತು. ಕೆಲವರಿಗೆ ಇದು ಕೊನೆಯವರೆಗೂ ಕುತೂಹಲ ಉಳಿಸುವ ಉಪಾಯವಾಗಿ ಕಂಡಿತು. ಇನ್ನು ಕೆಲವರಿಗೆ ‘ಗೆಲ್ಲಲು ಆಡದೆ, ಕಡಿಮೆ ಸೋಲಲು ಆಡುವ’ ಆಟವಾಗಿ ಕಂಡಿತು. 2025ರ 12ನೇ ಆವೃತ್ತಿಯಲ್ಲಿ ಈ ಪದ್ಧತಿಯೇ ಬದಲಾಯಿತು. ಗೆದ್ದರೆ 2 ಅಂಕ, ಸೋತರೆ ಸೊನ್ನೆ. ಪಂದ್ಯ ಸಮವಾದರೆ ತಲಾ 5 ದಾಳಿಗಳ ಮೂಲಕ ಫಲಿತಾಂಶ ತೀರ್ಮಾನ. ಪ್ರತಿ ತಂಡಕ್ಕೆ 18 ಪಂದ್ಯ, ಒಟ್ಟು 108 ಲೀಗ್ ಪಂದ್ಯಗಳು. ಅಗ್ರ 8 ತಂಡಗಳಿಗೆ ಮುಂದಿನ ಹಂತದ ಅವಕಾಶ.

ಈಗ ಪಟ್ಟಿ ಓದುವುದು ಸುಲಭ. ಆದರೆ 1 ಅಂಕದಿಂದ ಸೋತವನಿಗೂ 20 ಅಂಕದಿಂದ ಸೋತವನಿಗೂ ಒಂದೇ ಸೊನ್ನೆ. ಯಾವುದು ಹೆಚ್ಚು ನ್ಯಾಯ? ಗಣಿತ ಇದಕ್ಕೆ ಉತ್ತರ ಹೇಳುವುದಿಲ್ಲ. ಯಾವ ನಿಯಮ ಇಟ್ಟರೆ ಏನಾಗುತ್ತದೆ ಎಂಬುದನ್ನಷ್ಟೇ ತೋರಿಸುತ್ತದೆ. ಯಾವುದಕ್ಕೆ ಬೆಲೆ ಕೊಡಬೇಕೆಂದು ತೀರ್ಮಾನಿಸಬೇಕಾದವರು ಮನುಷ್ಯರೇ.

ಗೂಳಿಗಳ ಏರಿಳಿತ

ಬೆಂಗಳೂರು ಬುಲ್ಸ್ ತಂಡದ ಅಭಿಮಾನಿಗಳಿಗೆ 2019ರ ಜನವರಿ 5 ಮರೆಯಲಾಗದ ದಿನ. ಅಂದು ಮುಂಬಯಿಯಲ್ಲಿ ನಡೆದ 6ನೇ ಆವೃತ್ತಿಯ ಫೈನಲ್‌ನಲ್ಲಿ ಬುಲ್ಸ್ ತಂಡ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಿತು. ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದಿದ್ದರು. ಅದೇ ತಂಡ 2024ರ 11ನೇ ಆವೃತ್ತಿಯಲ್ಲಿ 22 ಪಂದ್ಯಗಳ ಪೈಕಿ ಎರಡನ್ನು ಮಾತ್ರ ಗೆದ್ದು ಪಟ್ಟಿಯ ಕೊನೆಗೆ ಇಳಿಯಿತು. ಮರುವರ್ಷ, ಕನ್ನಡಿಗ ಬಿ.ಸಿ. ರಮೇಶ್ ಅವರ ತರಬೇತಿಯಲ್ಲಿ, ಲೀಗ್ ಹಂತದಲ್ಲಿ 3ನೇ ಸ್ಥಾನಕ್ಕೆ ಏರಿತು. ಆದರೂ ಫೈನಲ್ ತಲುಪಲಿಲ್ಲ. ಆ ಸಲದ ಪ್ರಶಸ್ತಿ ದಬಂಗ್ ಡೆಲ್ಲಿ ತಂಡದ ಪಾಲಾಯಿತು.

ಕೊನೆಯ ಸ್ಥಾನಕ್ಕೆ ಇಳಿದ ವರ್ಷವೂ ‘ಅಂಪೈರ್ ಮೋಸ’ ಎಂದವರಿದ್ದರೆ, ಅವರು ಒಂದು ಮಾತು ಯೋಚಿಸಬೇಕು. ಒಂದೆರಡು ಅಂಕದ ಪಂದ್ಯವನ್ನು ಒಂದು ತಪ್ಪು ತೀರ್ಪು ಕೆಡಿಸಬಹುದು. ಇಡೀ ಋತುವಿನ ಸೋಲುಗಳನ್ನು ತೀರ್ಪುಗಾರನ ತಲೆಗೆ ಕಟ್ಟುವುದು ಕಷ್ಟ.

ಕಣ್ಣಿಗೂ ಒಂದು ಮಿತಿ

ಹಾಗೆಂದು ತೀರ್ಪುಗಾರರು ತಪ್ಪು ಮಾಡುವುದೇ ಇಲ್ಲವೆಂದಲ್ಲ. ಏಕೆ ಮಾಡುತ್ತಾರೆಂಬುದನ್ನು ವಿಜ್ಞಾನ ವಿವರಿಸುತ್ತದೆ. ಕಂಡದ್ದಕ್ಕೆ ಮನುಷ್ಯ ಪ್ರತಿಕ್ರಿಯಿಸಲು ಸುಮಾರು 0.2 ಸೆಕೆಂಡ್ ಬೇಕು. ದಾಳಿಗಾರನ ಕೈ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬೀಸಿತು ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಆ ಕೈ ಒಂದು ಮೀಟರ್ ದೂರ ಹೋಗಿರುತ್ತದೆ. ಅಂಪೈರ್ ಏಕಕಾಲಕ್ಕೆ ದಾಳಿಗಾರನ ಕೈಬೆರಳು, ರಕ್ಷಣಾ ಆಟಗಾರನ ಹಿಮ್ಮಡಿ, ಬೋನಸ್ ಗೆರೆ ಮತ್ತು ಅಂಚಿನ ಗೆರೆ ಎಲ್ಲವನ್ನೂ ಗಮನಿಸಬೇಕು. ನಮ್ಮ ಕಣ್ಣೋ, ದೃಷ್ಟಿ ನೆಟ್ಟ ಚಿಕ್ಕ ಜಾಗವನ್ನು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಪಕ್ಕದ್ದೆಲ್ಲ ಮಸುಕು.

‘ಟಿ.ವಿ.ಯಲ್ಲಿ ನೋಡಿದರೆ ಗೊತ್ತಾಗುವುದಿಲ್ಲವೇ?’ ಎನ್ನಬಹುದು. ಬಹಳಷ್ಟು ಸಲ ಗೊತ್ತಾಗುತ್ತದೆ. 1992ರ ನವೆಂಬರ್‌ನಲ್ಲಿ ಡರ್ಬನ್ ಟೆಸ್ಟ್ ಪಂದ್ಯದಲ್ಲಿ ಸಚಿನ್ ತೆಂಡೂಲ್ಕರ್ ಅವರನ್ನು ಟಿ.ವಿ. ಚಿತ್ರ ನೋಡಿ ರನೌಟ್ ಎಂದು ಘೋಷಿಸಿದ ಮೇಲೆ, ಮೂರನೆಯ ಅಂಪೈರ್ ಎಂಬ ವ್ಯವಸ್ಥೆ ಆಟಗಳಲ್ಲಿ ಬೇರೂರಿತು. ಇಂದು ಪ್ರೊ ಕಬಡ್ಡಿಯಲ್ಲೂ ಮರುಪರಿಶೀಲನೆ ಕೇಳುವ ಅವಕಾಶವಿದೆ. ಆದರೆ ಕ್ಯಾಮೆರಾಕ್ಕೂ ಮಿತಿಯಿದೆ. ಸೆಕೆಂಡಿಗೆ 25 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಎರಡು ಚಿತ್ರಗಳ ನಡುವೆ 0.04 ಸೆಕೆಂಡ್ ಅಂತರ. ಮೇಲೆ ಹೇಳಿದ ಕೈ ಆ ಅವಧಿಯಲ್ಲಿ 20 ಸೆಂಟಿಮೀಟರ್ ಚಲಿಸುತ್ತದೆ. ಬೆರಳು ಸೋಕಿದ ಕ್ಷಣ ಎರಡು ಚಿತ್ರಗಳ ನಡುವೆ ಜಾರಿಹೋಗಬಹುದು. ಹೆಚ್ಚು ವೇಗದ ಕ್ಯಾಮೆರಾ ಈ ಅಂತರವನ್ನು ತಗ್ಗಿಸುತ್ತದೆ, ಪೂರ್ತಿ ಅಳಿಸುವುದಿಲ್ಲ.

ಹಾಂಗ್‌ಝೌನಲ್ಲಿ ನಿಂತುಹೋದ ಆಟ

ಕೆಲವೊಮ್ಮೆ ಎಲ್ಲರೂ ಎಲ್ಲವನ್ನೂ ಸರಿಯಾಗಿ ಕಂಡಿದ್ದರೂ ಜಗಳ ಏಳುತ್ತದೆ. 2023ರ ಅಕ್ಟೋಬರ್ 7ರಂದು ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ಪುರುಷರ ಫೈನಲ್ ಇದಕ್ಕೆ ಸಾಕ್ಷಿ. ಭಾರತ ಮತ್ತು ಇರಾನ್ 28-28ರಲ್ಲಿ ಸಮನಾಗಿದ್ದವು. ಉಳಿದದ್ದು ಒಂದು ನಿಮಿಷದ ಆಸುಪಾಸು. ದಾಳಿಗೆ ಹೋದ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟುವ ಮೊದಲೇ ಅಂಕಣದ ಪಕ್ಕದ ಲಾಬಿಗೆ ಕಾಲಿಟ್ಟರು. ಅವರನ್ನು ಹಿಡಿಯಲು ಇರಾನಿನ ಆಟಗಾರರೂ ಲಾಬಿಗೆ ನುಗ್ಗಿದರು.

ಲಾಬಿ ಎಂದರೆ ಅಂಕಣದ ಎರಡೂ ಬದಿಯ ಒಂದು ಮೀಟರ್ ಪಟ್ಟಿ. ದಾಳಿಗಾರ ಮತ್ತು ರಕ್ಷಕರ ನಡುವೆ ಸ್ಪರ್ಶವಾದ ಮೇಲಷ್ಟೇ ಅದು ಆಟದ ಜಾಗವಾಗುತ್ತದೆ. ಹಳೆಯ ನಿಯಮದ ಪ್ರಕಾರ, ಸ್ಪರ್ಶಕ್ಕೆ ಮುನ್ನ ಲಾಬಿಗೆ ಹೋದ ದಾಳಿಗಾರನೂ ಔಟ್, ಹಿಂದೆ ಹೋದ ರಕ್ಷಕರೂ ಔಟ್. ಪ್ರೊ ಕಬಡ್ಡಿಯಲ್ಲಿ ಬಂದ ಹೊಸ ನಿಯಮದ ಪ್ರಕಾರ ದಾಳಿಗಾರ ಮಾತ್ರ ಔಟ್. ಕಂಡದ್ದರ ಬಗ್ಗೆ ವಿವಾದವೇ ಇರಲಿಲ್ಲ. ಯಾವ ನಿಯಮ ಅನ್ವಯಿಸುತ್ತದೆ ಎಂಬುದೇ ವಿವಾದ. ತೀರ್ಪು ಅತ್ತಿತ್ತ ಹೊಯ್ದಾಡಿತು. ಆಟಗಾರರು ಅಂಕಣದಲ್ಲೇ ಕುಳಿತು ಪ್ರತಿಭಟಿಸಿದರು. ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ ತೀರ್ಪು ಭಾರತದ ಕಡೆ ಬಂದು, ಪಂದ್ಯ 33-29ರಲ್ಲಿ ಮುಗಿಯಿತು.

ಭಾರತಕ್ಕೆ ಚಿನ್ನ ಬಂತೆಂದು ನಾವು ಸಂತೋಷಪಟ್ಟೆವು. ತೀರ್ಪು ಇನ್ನೊಂದು ಕಡೆ ಬಂದಿದ್ದರೆ ಏನನ್ನುತ್ತಿದ್ದೆವು? ಪಂದ್ಯಕ್ಕೆ ಮುನ್ನವೇ ನಿಯಮ ಎಲ್ಲರಿಗೂ ಒಂದೇ ರೀತಿ ತಿಳಿದಿರಬೇಕು. ಅದು ಗೆದ್ದವರಿಗೂ ಸೋತವರಿಗೂ ಸಮಾನವಾದ ಹಕ್ಕು.

ವರ್ನಿಯರ್ ಕ್ಯಾಲಿಪರ್ಸ್ ಹೇಳುವ ಪಾಠ

ಪ್ರಯೋಗಾಲಯದಲ್ಲಿ ಒಂದು ಉದ್ದವನ್ನು ಅಳೆಯುವಾಗ ಎರಡು ಬಗೆಯ ದೋಷಗಳು ಬರುತ್ತವೆಂದು ವಿದ್ಯಾರ್ಥಿಗಳಿಗೆ ಗೊತ್ತು. ಒಂದು, ಅಕಸ್ಮಾತ್ ದೋಷ. ಒಮ್ಮೆ ತುಸು ಹೆಚ್ಚು, ಒಮ್ಮೆ ತುಸು ಕಡಿಮೆ. ಹಲವು ಬಾರಿ ಅಳೆದು ಸರಾಸರಿ ತೆಗೆದರೆ ಇದು ಬಹುತೇಕ ಕರಗುತ್ತದೆ. ಇನ್ನೊಂದು, ಉಪಕರಣದ ಶೂನ್ಯ ದೋಷ. ಇದು ಪ್ರತಿ ಸಲವೂ ಒಂದೇ ಕಡೆಗೆ ಎಳೆಯುತ್ತದೆ. ಎಷ್ಟು ಸಲ ಅಳೆದರೂ ಹೋಗುವುದಿಲ್ಲ.

ಅಂಪೈರ್‌ಗೆ ಕಣ್ತಪ್ಪಾಯಿತು ಎಂದರೆ ಅದು ಅಕಸ್ಮಾತ್ ದೋಷ. ಅಂಪೈರ್ ಪಕ್ಷಪಾತಿ ಎಂದರೆ ಅದು ಶೂನ್ಯ ದೋಷದ ಆರೋಪ. ಎರಡನೆಯದು ಬಹಳ ದೊಡ್ಡ ಮಾತು. ಅದನ್ನು ಹೇಳುವವನು ಲೆಕ್ಕ ಇಟ್ಟಿರಬೇಕು. ಒಂದು ನೋಟ್‌ಬುಕ್ಕಿನಲ್ಲಿ ಇಡೀ ಋತುವಿನ ಸಂಶಯದ ತೀರ್ಪುಗಳನ್ನು ‘ನಮ್ಮ ಪರ’, ‘ನಮ್ಮ ವಿರುದ್ಧ’ ಎಂದು ಬರೆಯುತ್ತ ಹೋಗಲಿ. 30 ತೀರ್ಪುಗಳಲ್ಲಿ 14 ಪರವಾಗಿ, 16 ವಿರುದ್ಧವಾಗಿ ಬಂದಿದ್ದರೆ ಅದು ನಾಣ್ಯ ಚಿಮ್ಮಿದಾಗಲೂ ಕಾಣುವ ವ್ಯತ್ಯಾಸ. 27 ವಿರುದ್ಧ ಬಂದಿದ್ದರೆ ಮಾತ್ರ ಸಂಶಯಕ್ಕೆ ಆಧಾರವುಂಟು. ಒಂದು ಎಚ್ಚರಿಕೆಯೂ ಬೇಕು. ನಮಗೆ ಲಾಭವಾದ ತಪ್ಪುಗಳನ್ನೂ ಅಷ್ಟೇ ಪ್ರಾಮಾಣಿಕವಾಗಿ ಬರೆಯಬೇಕು. ಅಭಿಮಾನಿಯ ನೆನಪು ಸಾಮಾನ್ಯವಾಗಿ ಒಂದೇ ಕಾಲಂ ತುಂಬುತ್ತದೆ.

ನಷ್ಟ ಯಾರಿಗೆ?

ಲೀಗ್ ಆಡುವ ತಂಡಕ್ಕೆ 18 ಪಂದ್ಯಗಳಿವೆ. ಇಂದಿನ ತಪ್ಪು ತೀರ್ಪಿನ ನಷ್ಟವನ್ನು ನಾಳೆ ತುಂಬಿಕೊಳ್ಳಬಹುದು. ಆದರೆ ನಮ್ಮ ಶಾಲಾ ಮಕ್ಕಳ ಕ್ರೀಡಾಕೂಟ? ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಬಹಳ ಕಡೆ ಸೋತ ತಂಡ ಅಂದೇ ಮನೆಗೆ. ವರ್ಷವಿಡೀ ಬೆಳಿಗ್ಗೆ ಎದ್ದು ಅಭ್ಯಾಸ ಮಾಡಿದ ಹುಡುಗನ ಅಥವಾ ಹುಡುಗಿಯ ಆಸೆ ಒಂದು ಸೀಟಿಯಲ್ಲಿ ಮುಗಿಯಬಹುದು. ಅಲ್ಲಿ ಕ್ಯಾಮೆರಾ ಇಲ್ಲ, ಮರುಪರಿಶೀಲನೆ ಇಲ್ಲ. ತೀರ್ಪು ಅತ್ಯಂತ ಎಚ್ಚರದಿಂದ ಬರಬೇಕಾದ ಜಾಗದಲ್ಲೇ ಸೌಲಭ್ಯ ಅತ್ಯಂತ ಕಡಿಮೆ.

ಇದಕ್ಕೆ ಉಪಾಯಗಳಿವೆ, ದುಡ್ಡೂ ಹೆಚ್ಚು ಬೇಡ. 16 ತಂಡಗಳ ನಾಕೌಟ್ ಕೂಟದಲ್ಲಿ 15 ಪಂದ್ಯಗಳು ನಡೆಯುತ್ತವೆ, 8 ತಂಡಗಳು ಒಂದೇ ಪಂದ್ಯ ಆಡಿ ಮರಳುತ್ತವೆ. ಅವೇ ತಂಡಗಳನ್ನು ನಾಲ್ಕು ಗುಂಪು ಮಾಡಿ ಲೀಗ್ ಆಡಿಸಿದರೆ ಸೆಮಿಫೈನಲ್, ಫೈನಲ್ ಸೇರಿ 27 ಪಂದ್ಯಗಳಾಗುತ್ತವೆ. ಇನ್ನೊಂದು ದಿನ ಬೇಕಾಗಬಹುದು. ಆದರೆ ಪ್ರತಿ ತಂಡಕ್ಕೂ ಕನಿಷ್ಠ 3 ಪಂದ್ಯ ಸಿಗುತ್ತವೆ. ಪಂದ್ಯಕ್ಕೆ ಮುನ್ನ ಇಬ್ಬರು ನಾಯಕರನ್ನೂ ಕರೆದು ಲಾಬಿ, ಬೋನಸ್, ಸಮಯದ ನಿಯಮಗಳನ್ನು ಓದಿ ಹೇಳುವುದಕ್ಕೆ ಐದು ನಿಮಿಷ ಸಾಕು. ಗೆರೆಗಳನ್ನು ಸುಣ್ಣದಿಂದ ಮತ್ತೊಮ್ಮೆ ಎಳೆದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಜಾತ್ರೆ, ಹಬ್ಬಗಳ ವೇಳೆ ಹಳ್ಳಿಗಳಲ್ಲಿ ನಡೆಯುವ ಹೊನಲು ಬೆಳಕಿನ ಕಬಡ್ಡಿಗೂ ಈ ಮಾತು ಸಲ್ಲುತ್ತದೆ. ಅಲ್ಲಿ ಸೀಟಿ ಹಿಡಿದವರು ಹೆಚ್ಚಾಗಿ ದೈಹಿಕ ಶಿಕ್ಷಕರು ಇಲ್ಲವೇ ಊರಿನ ಹಳೆಯ ಆಟಗಾರರು. ಒಂದು ತೀರ್ಪಿಗೆ ಅಂಕಣಕ್ಕೆ ನುಗ್ಗಿ ಕೈಮಿಲಾಯಿಸಿದರೆ ಆ ದಿನದ ಪಂದ್ಯವಷ್ಟೇ ನಿಲ್ಲುವುದಿಲ್ಲ. ಮರುವರ್ಷ ಕೂಟ ನಡೆಸಲು ಯಾರೂ ಮುಂದೆ ಬರುವುದಿಲ್ಲ, ಸೀಟಿ ಹಿಡಿಯಲು ಮೊದಲೇ ಬರುವುದಿಲ್ಲ. ನಷ್ಟ ಅನುಭವಿಸುವವರು ಆಡಬೇಕಾಗಿದ್ದ ಮಕ್ಕಳು.

ಪಾಲಕರಿಗೂ ಇದರಲ್ಲಿ ಪಾತ್ರವಿದೆ. ಸೋತು ಬಂದ ಮಗಳೆದುರು ‘ನಿಮಗೆ ಮೋಸ ಮಾಡಿದರು ಬಿಡವ್ವ’ ಎನ್ನುವುದು ಸುಲಭದ ಸಮಾಧಾನ. ‘ಯಾವ ದಾಳಿಯಲ್ಲಿ ಏನಾಯಿತು ಹೇಳು’ ಎಂದು ಕೇಳಿದರೆ ಅವಳು ಆಟವನ್ನು ತಾನೇ ವಿಮರ್ಶಿಸಲು ಕಲಿಯುತ್ತಾಳೆ. 2012ರಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ, ಕಾರ್ಕಳದ ಕಡೆಯ ಮಮತಾ ಪೂಜಾರಿ. ಅಂಥ ಹುಡುಗಿಯರು ನಮ್ಮ ತಾಲ್ಲೂಕುಗಳಲ್ಲೂ ಬೆಳೆಯಬೇಕಾದರೆ ಅವರಿಗೆ ಆಡಲು ಪಂದ್ಯಗಳು ಬೇಕು, ಪಂದ್ಯ ನಡೆಸಲು ಅಂಪೈರ್‌ಗಳು ಬೇಕು.

ಶಾಲೆಗಳಲ್ಲಿ ಇನ್ನೂ ಒಂದು ಕೆಲಸ ಮಾಡಬಹುದು. ತರಗತಿ ತಂಡಗಳ ಪಂದ್ಯಗಳಲ್ಲಿ ಸರದಿಯಂತೆ ವಿದ್ಯಾರ್ಥಿಗಳ ಕೈಗೇ ಸೀಟಿ ಕೊಟ್ಟು, ಇನ್ನಿಬ್ಬರಿಗೆ ಅಂಕ ಬರೆಯುವ ಕೆಲಸ ಒಪ್ಪಿಸಬೇಕು. ಅಂಪೈರ್ ಮೇಲೆ ಅತಿ ಹೆಚ್ಚು ಕೂಗಾಡುವ ಹುಡುಗನ ಸರದಿ ಮೊದಲು ಬರಲಿ. ಏಳು ಜನ ಕೈಕೈ ಹಿಡಿದು ನಿಂತ ಕಡೆ ಒಬ್ಬ ದಾಳಿಗಾರ ನುಗ್ಗಿದಾಗ, ಮುಟ್ಟಿದ್ದು ಯಾರು, ಗೆರೆ ದಾಟಿದ್ದು ಯಾರು ಎಂದು ಎರಡೂ ಕಡೆಯವರು ಕಿರುಚುವ ಮಧ್ಯೆ ಅವನು ಕೈ ಎತ್ತಿ ತೋರಿಸಲಿ. ಮುಂದಿನ ಸಲ ಟಿ.ವಿ. ಮುಂದೆ ಕುಳಿತಾಗ ಅವನ ವಾದ ನಿಲ್ಲಲಾರದು, ನಿಲ್ಲಬೇಕಾಗಿಯೂ ಇಲ್ಲ. ಆದರೆ ‘ಮೋಸ’ ಎನ್ನುವ ಮೊದಲು ಅವನು ಇನ್ನೊಮ್ಮೆ ನೋಡುತ್ತಾನೆ.