ಕವರತ್ತಿಯ ಸಿಹಿನೀರು

ಲಕ್ಷದ್ವೀಪಸಮೂಹದಲ್ಲಿ ನದಿಯೆಂಬುದಿಲ್ಲ, ತೊರೆಯೆಂಬುದಿಲ್ಲ. ಮಳೆಗಾಲದಲ್ಲಿ ಹವಳದ ಮರಳಿನೊಳಕ್ಕೆ ಇಂಗಿದ ನೀರು, ಉಪ್ಪುನೀರಿಗಿಂತ ಹಗುರವಾದುದರಿಂದ, ಅದರ ಮೇಲೆ ತೆಳುವಾದ ಪದರವಾಗಿ ತೇಲಿಕೊಂಡಿರುವುದೊಂದೇ ಅಲ್ಲಿನ ಬಾವಿಗಳಿಗೆ ಆಧಾರ. ಆ ಪದರವನ್ನು ಅವಸರದಿಂದ ಸೇದಿದರೆ ತಳದ ಕಡಲು ಮೇಲೇರಿ ಬಾವಿಯೇ ಉಪ್ಪಾಗುವುದು. ಈ ದ್ವೀಪಗಳು ನಮಗೆ ಪರಕೀಯವಲ್ಲ: ಉತ್ತರದ ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು; ಮಂಗಳೂರಿನ ಹಳೆಯ ಬಂದರಿನಿಂದ ಸರಕು ಹೊತ್ತ ಮಂಜಿಗಳು ಅತ್ತ ಹೋಗುವ ವಾಡಿಕೆಯೂ ತಪ್ಪಿಲ್ಲ.

ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು 2005ರಲ್ಲಿ ಈ ಸಮೂಹದ ಕವರತ್ತಿ ದ್ವೀಪದಲ್ಲಿ ಸ್ಥಾಪಿಸಿದ, ಕಡಲನೀರಿನಿಂದ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರನ್ನು ಕೊಡಬಲ್ಲ ಸ್ಥಾವರದ ವೈಶಿಷ್ಟ್ಯವೆಂದರೆ, ಅಲ್ಲಿ ಒಲೆಯೂ ಇಲ್ಲ, ಉಪ್ಪನ್ನು ತಡೆಯುವ ಸೂಕ್ಷ್ಮ ಪೊರೆಯೂ ಇಲ್ಲ. ಸುಮಾರು 28 ಡಿಗ್ರಿ ಉಷ್ಣತೆಯ ಮೇಲ್ಮೈ ನೀರನ್ನು, ಗಾಳಿಯ ಒತ್ತಡವನ್ನು ಸುಮಾರು ನಾಲ್ವತ್ತರಲ್ಲೊಂದು ಪಾಲಿಗೆ ಇಳಿಸಿದ ಕೋಷ್ಠದೊಳಕ್ಕೆ ಹರಿಸಿದೊಡನೆ, ಅದರಲ್ಲೊಂದಂಶವು ಕಾಯಿಸುವ ಗೋಜಿಲ್ಲದೆಯೇ ಕುದಿದು ಆವಿಯಾಗುವುದು; ಆ ಆವಿಯನ್ನು ತಣಿಸಿ ನೀರಾಗಿಸುವುದಕ್ಕೆ, ಸುಮಾರು 350 ಮೀಟರ್ ಆಳದಿಂದ, ಹನ್ನೆರಡು ಹದಿಮೂರು ಡಿಗ್ರಿಯಷ್ಟೇ ಇರುವ ಶೀತಲಜಲವನ್ನು ಉದ್ದನೆಯ ಕೊಳವೆಯಲ್ಲಿ ಮೇಲೆತ್ತುವರು. ದ್ವೀಪದ ಅಂಚು ಕಡಿದಾಗಿ ಇಳಿದಿರುವುದರಿಂದ ಇಷ್ಟು ಆಳವು ದಡದಿಂದ ಬಹು ದೂರವಲ್ಲದೆಡೆಯಲ್ಲಿಯೇ ದೊರೆಯುವುದು; ನಮ್ಮ ಪಡುಕರೆಯಲ್ಲಾದರೋ ಅಂಥ ಆಳವನ್ನು ಹುಡುಕಿ ನಡುಗಡಲಿಗೇ ಹೋಗಬೇಕು.

ನೂರು ಪಾಲು ನೀರಿನಲ್ಲಿ ಆವಿಯಾಗುವುದು ಹೆಚ್ಚುಕಡಮೆ ಒಂದೇ ಪಾಲು. ಉಳಿದುದು ತುಸು ತಣ್ಣಗಾಗಿ, ಉಪ್ಪಿನ ಸಾಂದ್ರತೆ ಅಷ್ಟಾಗಿ ಹೆಚ್ಚದೆ ಸಮುದ್ರಕ್ಕೆ ಮರಳುವುದು; ನಾಜೂಕಾದ ಜೀವಿಯಾದ ಹವಳದ ಆರೋಗ್ಯಕ್ಕೆ ಇದು ಸಣ್ಣ ಉಪಕಾರವಲ್ಲ. ಆದರೆ ಒಂದು ಪಾಲಿಗಾಗಿ ನೂರು ಪಾಲನ್ನು ಪಂಪು ಮಾಡಬೇಕಾದುದರಿಂದ ವಿದ್ಯುತ್ತಿನ ವೆಚ್ಚವು ಹಗುರಾಗದು, ಆ ವಿದ್ಯುತ್ತಾದರೂ ಬಹುಮಟ್ಟಿಗೆ ಹಡಗಿನಲ್ಲಿ ಬರುವ ಡೀಸೆಲ್ಲಿನಿಂದಲೇ ಹುಟ್ಟತಕ್ಕದ್ದು. ಈ ವಿಧಾನವನ್ನು ಹೊಗಳುವವರು ಈ ಮಾತನ್ನು ಅಡಗಿಸಬಾರದು.

ಮುಂದೆ 2011ರಲ್ಲಿ ಮಿನಿಕಾಯ್, ಅಗತ್ತಿಗಳಲ್ಲಿಯೂ ಸ್ಥಾವರಗಳು ಎದ್ದವು. ಆಮೇಲಿನವು ದಿನಕ್ಕೆ ಒಂದೂವರೆ ಲಕ್ಷ ಲೀಟರಿನ ಸಾಮರ್ಥ್ಯದವು. ಈಗ ಆ ಸಂಸ್ಥೆಯವರು, ನೀರನ್ನು ಸಿಹಿಯಾಗಿಸುವ ಆ ಉಷ್ಣತೆಯ ಅಂತರದಿಂದಲೇ ಪಂಪುಗಳಿಗೆ ಬೇಕಾದ ವಿದ್ಯುತ್ತನ್ನೂ ಪಡೆಯುವ ಸ್ಥಾವರವನ್ನು ಕವರತ್ತಿಯಲ್ಲಿ ಕೈಗೆತ್ತಿಕೊಂಡಿರುವರು.